ಮೇಳದ ಬಿದರಿ ಮಳಿಗೆ: ಕೆಲಸಕ್ಕೆ ಪೂರ್ತಿ ಅಂಕ, ಕೊಟ್ಟ ಮೇಲಿನ ಕಾಳಜಿಗೆ ಅರ್ಧ

ಕರಕುಶಲ ಮೇಳದಲ್ಲಿ ಬಿದರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರಿನ ಸಾಮಾನು, ಕೊಂಡವರ ಮನೆಗೆ ಎರಡು ವರ್ಷ ಬಿಟ್ಟು ಹೋದರೆ ಎರಡರಲ್ಲಿ ಒಂದು ಕಾಣುತ್ತದೆ. ಒಂದೋ ಹೂಜಿ ಕಾಡಿಗೆಯಂತೆ ಕಪ್ಪಾಗಿ, ಬೆಳ್ಳಿಯ ಬಳ್ಳಿ ಹೊಳೆಯುತ್ತಾ ಷೋಕೇಸಿನಲ್ಲಿ ನಿಂತಿರುತ್ತದೆ. ಇಲ್ಲವೇ ಕಪ್ಪು ಬೂದಿಗೆ ತಿರುಗಿ, ಬೆಳ್ಳಿ ಕಂದಿ, ಅಟ್ಟ ಸೇರಿರುತ್ತದೆ. ಎರಡೂ ಒಂದೇ ಎರಕದ್ದು, ಒಂದೇ ಕೈಯದು ಆಗಿರಬಹುದು. ಕಟ್ಟಿಕೊಡುವಾಗ ಮಳಿಗೆಯವರು ನಾಲ್ಕು ಮಾತು ಹೇಳಿದ್ದರೋ ಇಲ್ಲವೋ ಎನ್ನುವುದರಲ್ಲೇ ವ್ಯತ್ಯಾಸ. ಮೊದಲನೆಯ ಮನೆಯವರು ಮುಂದಿನ ಮೇಳದಲ್ಲಿ ಅದೇ ಮಳಿಗೆ ಹುಡುಕಿಕೊಂಡು ಬರುತ್ತಾರೆ. ಎರಡನೆಯವರು ‘ಬಿದರಿ ಬಾಳಿಕೆ ಬರಲ್ಲ’ ಎಂದು ಹತ್ತು ಜನರಿಗೆ ಹೇಳುತ್ತಾರೆ.

ಅಂಗಡಿ ಇಟ್ಟವರಿಗೆ ತಪ್ಪು ತಿದ್ದಿಕೊಳ್ಳಲು ನಾಳೆ ಇದೆ. ಮೇಳದವರಿಗೆ ಇಲ್ಲ. 1994ರಲ್ಲಿ ಶುರುವಾದ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳ ಮಳಿಗೆ ಹದಿನೈದು ದಿನಕ್ಕೊಮ್ಮೆ ಬದಲಾಗುತ್ತದೆ. ಹರಿಯಾಣದ ಸೂರಜ್‌ಕುಂಡ್ ಮೇಳ ಫೆಬ್ರವರಿಯಲ್ಲಿ ಬಂದು ಹೋಗುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದ ಮೇಳಗಳೂ ಕೆಲವೇ ದಿನದವು. ಬಿದರಿಯ ತೊಂದರೆಗಳು ಮಾತ್ರ ಆ ಕೆಲವು ದಿನಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಒಂದು ಮಳೆಗಾಲ ಕಳೆದ ಮೇಲೆ ಎದ್ದು ಬರುತ್ತವೆ. ಅಷ್ಟರಲ್ಲಿ ಮಳಿಗೆ ಎತ್ತಿಯಾಗಿರುತ್ತದೆ. ಆದ್ದರಿಂದ ಈ ಮಳಿಗೆಗಳನ್ನು ಅಳೆಯುವಾಗ ಮಾರುವ ಜಾಣ್ಮೆಗಿಂತ ಗಿರಾಕಿಯ ಕೈಯಲ್ಲಿ ಏನು ಕಳಿಸುತ್ತಾರೆ ಎಂಬುದನ್ನೇ ನೋಡಬೇಕು.

ಮೊದಲು ಸಾಮಾನಿನ ಗುಣ. ಬಿದರಿಯ ಮೈ ಸತು ಮತ್ತು ತಾಮ್ರದ ಮಿಶ್ರಣ; ಹೆಚ್ಚಾಗಿ ಹೇಳುವ ಅಳತೆ ಹದಿನಾರಕ್ಕೆ ಒಂದು. 340 ಗ್ರಾಂ ತೂಗುವ ಮೈಯಲ್ಲಿ ಸುಮಾರು 320 ಗ್ರಾಂ ಸತು, 20 ಗ್ರಾಂ ತಾಮ್ರ ಎಂದಾಯಿತು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಆ ಕಪ್ಪಿನ ಮೇಲೆ ಉಳಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೊರೆದ ಗೆರೆಗೆ ಶುದ್ಧ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಕೂರಿಸಿದರೆ ಅದು ತಾರ್‌ಕಶಿ. ತೆಳುವಾದ ಬೆಳ್ಳಿ ತಗಡನ್ನು ಆಕಾರಕ್ಕೆ ಕತ್ತರಿಸಿ ಕೂರಿಸಿದರೆ ತೆಹನಿಶಾನ್. ಮತ್ತೆ ಉಜ್ಜಿ ಸಮ ಮಾಡಿ, ಹದವಾಗಿ ಕಾಯಿಸಿ, ಬೀದರ್ ಕೋಟೆಯ ಹಳೆಯ ಭಾಗದ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಹಾಕಿದಾಗ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರುತ್ತಾರೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಮೇಳಗಳಲ್ಲಿ ಇದರ ಹೆಸರು ಕೇಳಿಕೊಂಡು ಬರುವವರಿದ್ದಾರೆ.

ಹೀಗೆ ಕೇಳಿಕೊಂಡು ಬಂದವರಿಗೂ ಬೆಲೆ ಕೇಳಿದೊಡನೆ ಅನುಮಾನ ಹುಟ್ಟುತ್ತದೆ: ಇದು ನಿಜವಾದ ಬೆಳ್ಳಿಯೇ? ಆಭರಣದ ಅಂಗಡಿಯಂತೆ ಹಾಲ್‌ಮಾರ್ಕ್ ನೋಡಿ ನಂಬುವ ದಾರಿ ಇಲ್ಲಿಲ್ಲ. ಅಯಸ್ಕಾಂತ ಹಿಡಿದೂ ಉಪಯೋಗವಿಲ್ಲ. ಸತು, ತಾಮ್ರ, ಬೆಳ್ಳಿ ಯಾವುದಕ್ಕೂ ಅದು ಅಂಟುವುದಿಲ್ಲ, ಬೆಳ್ಳಿಯ ಜಾಗದಲ್ಲಿ ಕೂರಿಸಬಹುದಾದ ಅಲ್ಯೂಮಿನಿಯಂಗೂ ಅಂಟುವುದಿಲ್ಲ. ತೂಕವೂ ಸುಳಿವು ಕೊಡದು, ಯಾಕೆಂದರೆ ತೂಕದ ಬಹುಪಾಲು ಮೈಯದ್ದೇ. ಉಳಿಯುವುದು ಮಾರುವವರ ಮಾತು ಒಂದೇ. ಆ ಮಾತನ್ನು ಬರಹದಲ್ಲಿ ಕೊಡುವ ಮಳಿಗೆಗೆ ನಮ್ಮ ಮೊದಲ ಅಂಕ. ಕೆಲಸಗಾರರು ಬೆಳ್ಳಿಯನ್ನು ಗ್ರಾಂ ಲೆಕ್ಕದಲ್ಲೇ ತರುವುದರಿಂದ ಯಾವ ವಿನ್ಯಾಸಕ್ಕೆ ಎಷ್ಟು ಹೋಗುತ್ತದೆ ಎಂಬ ಅಂದಾಜು ಅವರಿಗಿರುತ್ತದೆ. ಬಿಲ್ಲಿನಲ್ಲಿ ‘ತಾರ್‌ಕಶಿ, ಶುದ್ಧ ಬೆಳ್ಳಿ, ಸುಮಾರು ಇಷ್ಟು ಗ್ರಾಂ’ ಎಂದು ಒಂದು ಸಾಲು ಬರೆದರೆ ಸಾಕು. ಬೆಳ್ಳಿ ದರ ಏರಿದಾಗ ಹೋದ ವರ್ಷಕ್ಕಿಂತ ಬೆಲೆ ಯಾಕೆ ಹೆಚ್ಚು ಎಂದು ಹಳೆಯ ಗಿರಾಕಿ ಕೇಳಿಯೇ ಕೇಳುತ್ತಾರೆ. ಆಗ ಆ ಸಾಲೇ ಉತ್ತರ ಹೇಳುತ್ತದೆ.

ಅದಕ್ಕಿಂತ ಪರಿಣಾಮಕಾರಿ ಇನ್ನೊಂದಿದೆ. ಒಂದೇ ಮಾದರಿಯ ಪುಟ್ಟ ಡಬ್ಬಿಯ ಐದು ಹಂತಗಳನ್ನು ಹಲಗೆಯ ಮೇಲೆ ಸಾಲಾಗಿ ಇಡುವುದು: ಒರಟು ಎರಕ, ಅರ ಹಾಕಿದ್ದು, ಕೊರೆದದ್ದು, ಬೆಳ್ಳಿ ಕೂರಿಸಿದ್ದು, ಕಪ್ಪೇರಿದ್ದು. ಗಿರಾಕಿ ಕೈಗೆತ್ತಿಕೊಂಡು ನೋಡಲಿ. ಎರಡನೆಯದರಿಂದ ಮೂರನೆಯದಕ್ಕೆ ಬರುವಾಗಲೇ ಬೆಲೆಯ ಬಗೆಗಿನ ಮಾತು ಮೆತ್ತಗಾಗುತ್ತದೆ. ಮಳಿಗೆಯಲ್ಲಿ ತಂತಿ ಕೂರಿಸುವ ಕೆಲಸ ಮಾಡಿ ತೋರಿಸುವುದೂ ಸುಲಭ. ಸಣ್ಣ ಸುತ್ತಿಗೆ, ಉಳಿ, ಒಂದು ದಿಮ್ಮಿ ಇದ್ದರೆ ಆಯಿತು, ಬೆಂಕಿ ಬೇಡ. ಕಪ್ಪೇರಿಸಿ ತೋರಿಸಬೇಕಾದರೆ ಕಾಯಿಸಬೇಕು. ಬಟ್ಟೆಯ ಪೆಂಡಾಲಿನಲ್ಲಿ ಅದಕ್ಕೆ ಮೇಳ ನಡೆಸುವವರ ಅನುಮತಿ ಪಡೆಯದೆ ಕೈ ಹಾಕಬಾರದು. ಸ್ವಂತ ಕೆಲಸ ಅಲ್ಲದೆ ಬೇರೆಯವರಿಂದ ತಂದು ಮಾರುವುದಾದರೆ ಹಾಗೇ ಹೇಳಬೇಕು. ‘ಇದು ನಾನು ಮಾಡಿದ್ದಲ್ಲ, ನಮ್ಮ ಓಣಿಯವರದು’ ಎಂದ ಮಾತಿಗೆ ಗಿರಾಕಿ ಕಳೆದುಹೋಗುವುದಿಲ್ಲ. ಸುಳ್ಳು ಹೇಳಿ ಆಮೇಲೆ ತಿಳಿದರೆ ಹೋಗುತ್ತಾರೆ.

ಜೋಡಿಸಿಡುವುದರಲ್ಲಿ ಬಹಳಷ್ಟು ಮಳಿಗೆಗಳು ಒಂದೇ ತಪ್ಪು ಮಾಡುತ್ತವೆ. ಕಪ್ಪು ಮಖಮಲ್ಲಿನ ಮೇಲೆ ಬಿದರಿ ಇಡುತ್ತಾರೆ. ಬೆಳ್ಳಿ ಆಭರಣಕ್ಕೆ ಅದು ಚೆಂದ. ಬಿದರಿಗೆ ಇಟ್ಟರೆ ಸಾಮಾನಿನ ಅಂಚೇ ಕರಗಿಹೋಗಿ, ಹೂಜಿಯ ಕತ್ತು ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ಕೆನೆ ಬಣ್ಣದ ಅಥವಾ ಇಟ್ಟಿಗೆ ಕೆಂಪಿನ ಖಾದಿ ಬಟ್ಟೆ ಹಾಸಿ, ಎಲ್‌ಇಡಿ ದೀಪವನ್ನು ನೆತ್ತಿಯ ಮೇಲಲ್ಲ, ಪಕ್ಕದಿಂದ ಬೀಳುವಂತೆ ಇಡಬೇಕು. ದಿನವಿಡೀ ನೂರು ಕೈ ಮುಟ್ಟಿದ ಸಾಮಾನಿನ ಮೇಲೆ ಬೆವರಿನ ಉಪ್ಪು ಕೂತು ಮಚ್ಚೆ ಮೂಡುತ್ತದೆ. ಹಾಗೆಂದು ‘ಮುಟ್ಟಬೇಡಿ’ ಎಂಬ ಫಲಕ ಹಾಕಿದರೆ ವ್ಯಾಪಾರವೇ ನಿಂತೀತು, ಅಂಗೈ ಮೇಲಿನ ಆ ಭಾರವೇ ಬಿದರಿಯ ಸೆಳೆತ. ಮಲ್‌ಮಲ್ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿಟ್ಟುಕೊಂಡು, ಗಿರಾಕಿ ಕೆಳಗಿಟ್ಟ ಕೂಡಲೇ ಒರೆಸಿಡುವುದು ಒಳ್ಳೆಯ ಅಭ್ಯಾಸ. ಹೇಗೆ ಒರೆಸಬೇಕು ಎಂಬುದನ್ನು ಗಿರಾಕಿ ಅಲ್ಲೇ ಕಂಡು ಕಲಿತಂತೆಯೂ ಆಗುತ್ತದೆ.

ಚೌಕಾಸಿಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ. ಬೆಲೆಚೀಟಿ ಅಂಟಿಸಿ, ಎಲ್ಲರಿಗೂ ಅದೇ ಬೆಲೆ ಹೇಳುವ ಮಳಿಗೆಯೇ ಬಾಳುತ್ತದೆ. ಬಿಡಲೇಬೇಕೆಂದರೆ ಕಾರಣ ಕಾಣುವಂತೆ ಬಿಡಬೇಕು: ಎರಡು ಕೊಂಡರೆ ಇಷ್ಟು, ಹಳೆಯ ಬಿಲ್ ತಂದರೆ ಇಷ್ಟು. ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಕೊನೆಯ ದಿನದ ಕಡಿತ. ಉಳಿದದ್ದನ್ನು ಹೊತ್ತು ಬೀದರಿಗೆ ವಾಪಸ್ ಹೋಗುವ ಕಷ್ಟ ನಿಜವೇ. ಆದರೆ ಮೊದಲ ದಿನ ಬಂದು ಪೂರ್ತಿ ಬೆಲೆ ಕೊಟ್ಟವರು ನಿಮ್ಮ ಮೇಲೆ ಹೆಚ್ಚು ಒಲವಿದ್ದವರು. ಭಾನುವಾರ ಸಂಜೆ ಅದೇ ಡಬ್ಬಿ ಮುಕ್ಕಾಲು ಬೆಲೆಗೆ ಹೋಯಿತೆಂದು ಅವರಿಗೆ ತಿಳಿದರೆ ಮುಂದಿನ ವರ್ಷ ಅವರೂ ಭಾನುವಾರ ಸಂಜೆಯೇ ಬರುತ್ತಾರೆ. ಬೆಲೆ ಇಳಿಸುವ ಬದಲು ಕೊನೆಯ ದಿನ ಉಳಿದ ದೊಡ್ಡ ಸಾಮಾನಿಗೆ ಮುಂಗಡ ಪಡೆದು ಕಾಯ್ದಿರಿಸಬಹುದು, ಅಥವಾ ಕಳಿಸುವ ಖರ್ಚು ತಾವೇ ಹೊರಬಹುದು.

ಈಗ ಅರ್ಧ ಅಂಕ ಕಳೆದ ಜಾಗಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಲೋಹದ್ದೇನಿದ್ದರೂ ಹುಣಸೆಹಣ್ಣಿಗೆ ಬೀಳುತ್ತದೆ. ಹಿತ್ತಾಳೆಗೆ ಅದು ಸರಿ. ಬಿದರಿಗೆ ಹುಣಸೆ, ನಿಂಬೆ, ಪೀತಾಂಬರಿ ಪುಡಿ ಯಾವುದು ತಾಗಿದರೂ ಕೆಡುಕು. ಹುಳಿ ಸತುವನ್ನೇ ತಿನ್ನುತ್ತದೆ, ಪುಡಿ ಕಪ್ಪಿನ ತೆಳು ಪದರವನ್ನು ಕೆರೆದು ಹಾಕುತ್ತದೆ. ಬೆಳ್ಳಿ ಪಾತ್ರೆಗೆಂದು ಮಾರುವ ಅದ್ದುವ ದ್ರಾವಣವೂ ಬೇಡ, ಹಲ್ಲುಪುಡಿಯೂ ಬೇಡ. ಹೂದಾನಿಗೆ ನೇರವಾಗಿ ನೀರು ತುಂಬಬಾರದು. ಒಳಗೆ ಗಾಜಿನ ಲೋಟ ಇಟ್ಟು ಹೂ ಇಡಬೇಕು. ತಟ್ಟೆಯಲ್ಲಿ ಊಟ, ಹಣ್ಣು ಇಡಬಾರದು. ಕಿವಿಯೋಲೆ, ಪದಕದಂಥವು ಬೆವರಿಗೆ ಕಪ್ಪು ಬಿಡುತ್ತವೆ, ತಿಳಿ ಬಣ್ಣದ ಬಟ್ಟೆಗೆ ಕಲೆಯಾಗಬಹುದು. ಬೆಳ್ಳಿ ಗಾಳಿಯ ಗಂಧಕಕ್ಕೆ ಮೊದಲು ಹಳದಿ, ಆಮೇಲೆ ಕಂದು ಆಗುವುದು ಸಹಜ. ಒಣ ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿದರೆ ಸಾಮಾನ್ಯವಾಗಿ ಹೊಳಪು ಮರಳುತ್ತದೆ. ತಿಂಗಳಿಗೊಮ್ಮೆ ಒಂದೆರಡು ತೊಟ್ಟು ಎಣ್ಣೆ ಸವರಿ, ಹೆಚ್ಚಿದ್ದನ್ನು ಒರೆಸಿ ತೆಗೆದರೆ ಆರೈಕೆ ಮುಗಿಯಿತು.

ಇಷ್ಟನ್ನೂ ಅಂಗೈಯಗಲದ ಚೀಟಿಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಅಚ್ಚು ಹಾಕಿಸಿ ಪೆಟ್ಟಿಗೆಯೊಳಗೆ ಇಡಬಹುದು. ಆದರೂ ಬಹುತೇಕ ಮಳಿಗೆಗಳಲ್ಲಿ ‘ಏನೂ ಆಗಲ್ಲ ಮೇಡಂ, ಲೈಫ್‌ಲಾಂಗ್ ಬರುತ್ತೆ’ ಎಂಬ ಒಂದೇ ವಾಕ್ಯ ಸಿಗುತ್ತದೆ. ಕೊರತೆ ಹೇಳಿದರೆ ಗಿರಾಕಿ ಹಿಂದೆ ಸರಿಯುತ್ತಾರೆ ಎಂಬ ಭಯ ಅದರ ಹಿಂದಿದೆ. ಕೆಲವರು ಸರಿಯಲೂಬಹುದು. ಆದರೆ ಮುಂಚೆಯೇ ಕೇಳಿಸಿಕೊಂಡವರು ಬೆಳ್ಳಿ ಹಳದಿಯಾದಾಗ ‘ಹೇಳಿದ್ದರಲ್ಲ’ ಎಂದು ಬಟ್ಟೆ ಹಿಡಿಯುತ್ತಾರೆ. ಕೇಳಿಸಿಕೊಳ್ಳದವರು ‘ಮೋಸ ಹೋದೆವು’ ಎನ್ನುತ್ತಾರೆ.

ಕಟ್ಟಿಕೊಡುವ ಬಗೆಯಲ್ಲೂ ಗಮನ ಸಾಲದು. ಈ ಮಿಶ್ರಲೋಹ ಗಡುಸು, ಆದರೆ ಪೆಡಸು. ಬಿದ್ದರೆ ಬಾಗುವುದಿಲ್ಲ, ಮುರಿಯುತ್ತದೆ. ಹೂಜಿಯ ಸಣ್ಣ ಕತ್ತು ಮೊದಲು ಹೋಗುವ ಜಾಗ, ಒಮ್ಮೆ ಮುರಿದರೆ ಗುರುತು ಕಾಣದಂತೆ ಬೆಸೆಯಲಾಗದು. ಹಾಗಾಗಿ ಮುಚ್ಚಳವನ್ನು ಬೇರೆ, ಮೈಯನ್ನು ಬೇರೆ ಸುತ್ತಬೇಕು. ಕತ್ತಿನ ಸುತ್ತ ಬಟ್ಟೆ ತುಂಬಿ ದಪ್ಪವನ್ನು ಹೊಟ್ಟೆಯ ಸಮಕ್ಕೆ ತರಬೇಕು. ಮೈಗೆ ತಾಗುವ ಮೊದಲ ಪದರ ಒಗೆದ ಹತ್ತಿ ಬಟ್ಟೆಯೇ ಇರಲಿ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಎಣ್ಣೆ ಮೈಮೇಲೆ ಗುಳ್ಳೆಯ ಅಚ್ಚು ಮೂಡಬಹುದು; ಸುದ್ದಿ ಕಾಗದ ತೇವ ಹಿಡಿಯುತ್ತದೆ. ರಬ್ಬರ್ ಬ್ಯಾಂಡ್ ಹಾಕಲೇಬಾರದು, ರಬ್ಬರಿನಲ್ಲಿರುವ ಗಂಧಕ ತಾಗಿದ ಕಡೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ. ಹತ್ತಿ ದಾರ ಸಾಕು. ಮರದ ನಾರು ಒತ್ತಿ ಮಾಡಿದ ಅಗ್ಗದ ಎಂಡಿಎಫ್ ಹಲಗೆಯ ಪೆಟ್ಟಿಗೆ ನೋಡಲು ಚೆಂದ, ಆದರೆ ಅದರಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಜಾಗದಲ್ಲಿ ಸತುವಿನ ಮೇಲೆ ಬಿಳಿ ಪುಡಿ ಎಬ್ಬಿಸುತ್ತದೆ. ರಟ್ಟಿನ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣ ಇದ್ದರೆ ಒಳ್ಳೆಯದು.

ಮತ್ತೆ ಕಪ್ಪೇರಿಸಿಕೊಡುವ ಸೇವೆ ಬಿದರಿಯವರ ಕೈಯಲ್ಲಿರುವ ದೊಡ್ಡ ಬಲ. ಮಾಸಿದ ಸಾಮಾನನ್ನು ಉಜ್ಜಿ, ಕಾಯಿಸಿ, ಅದೇ ಮಣ್ಣಿನ ನೀರಿಗೆ ಹಾಕಿದರೆ ಕಪ್ಪು ಹೊಸದಾಗಿ ಬರುತ್ತದೆ. ಇದನ್ನು ಗಿರಾಕಿಯ ಮನೆಯಲ್ಲಿ ಮಾಡಲಾಗದು, ಪಾಲಿಷ್ ಅಂಗಡಿಯವರಿಗೂ ಬಾರದು. ಈ ಮಾತನ್ನು ಮಳಿಗೆಯವರು ತಾವಾಗಿ ಹೇಳುವುದು ಅಪರೂಪ. ನಿಭಾಯಿಸಬಹುದಾದ ಷರತ್ತು ಹೀಗಿರಬಹುದು: ಒಂದು ವರ್ಷದೊಳಗೆ ಒಮ್ಮೆ ಕೆಲಸ ಉಚಿತ, ಕಳಿಸುವ ಮತ್ತು ತರಿಸುವ ಸ್ಪೀಡ್ ಪೋಸ್ಟ್ ಖರ್ಚು ಗಿರಾಕಿಯದು, ಆಮೇಲೆ ಗಾತ್ರ ನೋಡಿ ಕೂಲಿ. ಎದ್ದುಹೋದ ತಂತಿ ಕೂರಿಸಲು ಬೆಳ್ಳಿಯ ಬೆಲೆ ಬೇರೆ. ಪಾರ್ಸೆಲ್ ಬಿಚ್ಚುವಾಗಲೇ ಫೋಟೊ ತೆಗೆದು ಕಳಿಸಿದರೆ ‘ಮುರಿದದ್ದು ಯಾರಿಂದ’ ಎಂಬ ಜಗಳ ಹುಟ್ಟುವುದಿಲ್ಲ. ವಾರದಲ್ಲಿ ಕೊಡುತ್ತೇವೆಂದು ತಿಂಗಳು ಮಾಡುವುದಕ್ಕಿಂತ ತಿಂಗಳು ಎಂದು ಹೇಳಿ ಮೂರು ವಾರಕ್ಕೆ ಕಳಿಸುವುದು ಮೇಲು. ಮೇಳಕ್ಕೇ ತಂದುಕೊಟ್ಟರೆ ಒಯ್ದು ಮುಂದಿನ ಮೇಳಕ್ಕೆ ತರುತ್ತೇವೆ ಎನ್ನುವ ಮಳಿಗೆಗೆ ಗಿರಾಕಿ ಮುಂದಿನ ವರ್ಷವೂ ಬಂದೇ ಬರುತ್ತಾರೆ.

ಮಳಿಗೆಯವರ ಫೋನ್ ನಂಬರಿನ ಬಗ್ಗೆ ಒಂದು ಸೂಕ್ಷ್ಮ. ಹಲವರು ಗಿರಾಕಿಗಳ ನಂಬರ್ ಬರೆದುಕೊಂಡು ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸುತ್ತಾರೆ, ಸಂದೇಶ ಹೋಗಲೇ ಇಲ್ಲ ಎಂದು ಗೊಣಗುತ್ತಾರೆ. ಗಿರಾಕಿಯ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರದಿದ್ದರೆ ಬ್ರಾಡ್‌ಕಾಸ್ಟ್ ತಲುಪುವುದಿಲ್ಲ. ಒಂದು ಪಟ್ಟಿಗೆ 256 ಮಂದಿ ಎಂಬ ಮಿತಿಯೂ ಇದೆ. ಹಣ ಕೊಡುವ ಹೊತ್ತಿನಲ್ಲೇ ಅವರ ಒಪ್ಪಿಗೆ ಕೇಳಿ, ‘ಬೀದರ್ ಬಿದರಿ’ ಎಂದೋ ಮತ್ತೇನೋ ನೆನಪಿಗೆ ಬರುವ ಹೆಸರಿನಲ್ಲಿ ಸೇವ್ ಮಾಡಿಸಿಕೊಳ್ಳಬೇಕು. ಪುಸ್ತಕದಲ್ಲಿ ಹೆಸರಿನ ಮುಂದೆ ಏನು ಕೊಂಡರು, ಯಾರಿಗಾಗಿ ಕೊಂಡರು ಎಂದು ಬರೆದಿಟ್ಟರೆ ಮುಂದಿನ ಸಲ ‘ಮಗಳ ಮದುವೆಗೆ ಒಯ್ದ ಪಾನ್‌ದಾನ್ ಹೇಗಿದೆ?’ ಎಂದು ಕೇಳಲು ಬರುತ್ತದೆ. ಸಂದೇಶ ಮೇಳಕ್ಕೆ ಮೂರು ದಿನ ಮುಂಚೆ ಒಂದು, ಊರು, ದಿನಾಂಕ, ಮಳಿಗೆ ಸಂಖ್ಯೆಯೊಂದಿಗೆ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸಿದರೆ ಬ್ಲಾಕ್ ಆಗುತ್ತದೆ.

ಅಂಕಗಳು: ಕೆತ್ತನೆ ಮತ್ತು ಕೂರಿಸುವಿಕೆಗೆ ಐದಕ್ಕೆ ಐದು. ಬೆಲೆಯ ಪಾರದರ್ಶಕತೆಗೆ ಮೂರು. ಪ್ಯಾಕಿಂಗಿಗೆ ಎರಡು. ಆರೈಕೆಯ ಮಾಹಿತಿ ಮತ್ತು ದುರಸ್ತಿಗೆ ಎರಡೂವರೆ. ಅದೂ ಕೇಳಿದರೆ ಕೆಲಸಗಾರರು ಮನಸಾರೆ ವಿವರಿಸುತ್ತಾರೆ ಎಂಬ ಕಾರಣಕ್ಕೆ. ಕೊಳ್ಳಲು ಹೋಗುವವರು ಬಿಲ್ಲಿನಲ್ಲಿ ಬೆಳ್ಳಿಯ ಸಾಲು ಬರೆಸಿ, ತಳ ತಿರುಗಿಸಿ ಕಪ್ಪು ಬರೀ ಪೇಂಟಿನಂತೆ ಉಗುರಿಗೆ ಏಳುತ್ತದೆಯೇ ನೋಡಿ, ಮತ್ತೆ ಕಪ್ಪೇರಿಸಲು ಎಲ್ಲಿಗೆ ಕಳಿಸಬೇಕೆಂಬ ವಿಳಾಸವನ್ನು ಬಿಲ್ಲಿನ ಹಿಂದೆಯೇ ಬರೆಸಿಕೊಳ್ಳಿ.