ಅಪ್ಪನ ಬೆಂಜ್ ಕಾರಿಗೆ ನಂಬರ್ ಪ್ಲೇಟ್ ಪಟ್ಟಿ ಹಾಕಿಸಿದ್ದು

ಹಳೇ ಬೆಂಜ್ ಕಾರುಗಳ ಡಿಕ್ಕಿಯ ಮೇಲೆ, ನಂಬರ್ ಪ್ಲೇಟಿಗಿಂತ ಸ್ವಲ್ಪ ಮೇಲೆ, ಒಂದು ಉದ್ದನೆಯ ಪಟ್ಟಿ ಇರುತ್ತದೆ. ಡಿಕ್ಕಿ ಎತ್ತುವಾಗ ಕೈ ಹೋಗುವುದು ಅಲ್ಲಿಗೇ. ಪ್ಲೇಟಿಗೆ ಬೆಳಕು ಬಿಡುವ ಎರಡು ಸಣ್ಣ ಲೈಟು ಕೂಡ ಅದರ ಅಡಿಯಲ್ಲೇ. ನಮ್ಮ ಕಾರಿನ ಪಟ್ಟಿ ಎಡಗಡೆ ಬಿರುಕು ಬಿಟ್ಟು ಜೋತು ಬಿದ್ದು ಎರಡು ವರ್ಷ ಆಗಿತ್ತು. ಓಡೋ ಗಾಡಿ ಓಡ್ತಾ ಇದೆಯಲ್ಲ ಅಂತ ಸುಮ್ನೆ ಇದ್ದೆ.

ಕಾರು ಅಪ್ಪನದು. 1996ರ ಇ 220, ಡಬ್ಲ್ಯು 124 ಅಂತಾರಲ್ಲ, ಅದು. 1995ರಲ್ಲಿ ಮರ್ಸಿಡಿಸ್‌ನವರು ಪುಣೆಯಲ್ಲಿ ಕಾರು ಜೋಡಿಸಲು ಶುರು ಮಾಡಿದ್ದೇ ಈ ಮಾಡೆಲ್‌ನಿಂದ. ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ಮಾರಿದ್ದನ್ನು ಅಪ್ಪ ಕೊಂಡರು. ಈಗ ಅವರು ಓಡಿಸುವುದಿಲ್ಲ. ನಾನು ಓಡಿಸಿದರೆ ಪಕ್ಕದಲ್ಲಿ ಕೂತು ಗೇರ್ ಬಗ್ಗೆ ಮಾತಾಡುತ್ತಾರೆ.

ಈ ಸಲ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಆರ್‌ಟಿಒ ಸರ್ಟಿಫಿಕೇಟ್, ಮಾಡಿಸುವ ದಿನ ಹತ್ತಿರ ಬಂದಾಗ ಎಚ್ಚರ ಆಯಿತು. ರಾತ್ರಿ ಹೊತ್ತು ಹಿಂದಿನ ಪ್ಲೇಟಿಗೆ ಬಿಳಿ ಬೆಳಕು ಬೀಳಬೇಕು, 15 ಮೀಟರ್ ದೂರದಿಂದ ನಂಬರ್ ಓದಲು ಬರಬೇಕು ಅಂತ ನಿಯಮದಲ್ಲೇ ಇದೆ. ನಮ್ಮದರಲ್ಲಿ ಒಂದು ಲೈಟು ಸತ್ತಿತ್ತು, ಇನ್ನೊಂದು ನೆಲ ನೋಡುತ್ತಿತ್ತು.

ಪಟ್ಟಿ ತರಿಸಿದ್ದು ದೆಹಲಿಯ ಒಬ್ಬ ಸ್ಪೇರ್ ಪಾರ್ಟ್ ವ್ಯಾಪಾರಿಯಿಂದ, ಆನ್‌ಲೈನ್‌ನಲ್ಲಿ. ಕೊರಿಯರ್ ಸೇರಿ 2,850 ರೂಪಾಯಿ. ಒರಿಜಿನಲ್ ಅಲ್ಲ, ಅದೇ ಅಳತೆಯ ಕಾಪಿ. ಪ್ಲಾಸ್ಟಿಕ್ ಹಗುರ, ಕ್ರೋಮ್ ಮಾತ್ರ ಜಾಸ್ತಿ. ಹಿಂದುಗಡೆಯ ಬೋಲ್ಟುಗಳು ಕಂಪನಿಯ ಪಟ್ಟಿಯಷ್ಟು ನೆಟ್ಟಗೆ ನಿಂತಿಲ್ಲ. ಜೊತೆಗೆ ಪುಕ್ಕಟೆ ಅಂತ ಒಂದು ಪ್ಲೇಟ್ ಫ್ರೇಮ್ ಕಳಿಸಿದ್ದರು. ಅದು ಜರ್ಮನಿಯ ಅಳತೆ, 520ಕ್ಕೆ 110 ಮಿಲಿಮೀಟರ್. ನಮ್ಮ ಉದ್ದನೆಯ ಪ್ಲೇಟು 500ಕ್ಕೆ 120. ಅಗಲದಲ್ಲಿ ಲೊಡಲೊಡ, ಎತ್ತರದಲ್ಲಿ ಒಳಗೇ ಹೋಗುವುದಿಲ್ಲ. ಈಗ ಅದು ಅಟ್ಟದ ಮೇಲಿದೆ.

ಮೊದಲು ಹೋಗಿದ್ದು ಒಂದು ಆಕ್ಸೆಸರೀಸ್ ಅಂಗಡಿಗೆ. ಹೆಸರು ಬೇಡ. ನೋಡಿದ ಕೂಡಲೇ ಹುಡುಗ, "ಮೇಡಂ, ನಂಬರ್ ಪ್ಲೇಟ್ ಬಿಚ್ಚಬೇಕು" ಅಂದ. ನನಗೆ ಎದೆ ಧಸಕ್ ಅಂದಿತು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೂ ಹೈ ಸೆಕ್ಯುರಿಟಿ ಪ್ಲೇಟು ಕಡ್ಡಾಯ ಅಂತ 2023ರಲ್ಲಿ ಆದೇಶ ಬಂದಾಗ ಪರದಾಡಿ ಹಾಕಿಸಿದ್ದು ಅದು. ಅದನ್ನು ಗಾಡಿಗೆ ಕೂರಿಸುವ ಸ್ನ್ಯಾಪ್ ಲಾಕ್ ಒಂದೇ ಸಲಕ್ಕೆ. ಬಿಚ್ಚಬೇಕೆಂದರೆ ಒಡೆಯಲೇಬೇಕು. ಪ್ಲೇಟು ಮುಟ್ಟಬೇಡಪ್ಪ ಅಂದೆ. ಹಾಗಾದರೆ ಅಂಟಿಸುತ್ತೇವೆ ಅಂದರು. ಹಿಂದಿನ ಬೋಲ್ಟುಗಳನ್ನೇ ಕತ್ತರಿಸಿ, ಡಬಲ್ ಟೇಪ್ ಹಾಕಿ, ಮೇಲಿಂದ ಸಿಲಿಕಾನ್ ಬಳಿದು 400 ರೂಪಾಯಿ ತೆಗೆದುಕೊಂಡರು. ಹನ್ನೊಂದನೇ ದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದು ಡಿಕ್ಕಿ ಎತ್ತಿದರೆ ಪಟ್ಟಿಯ ಅರ್ಧ ಭಾಗ ಕೈಗೇ ಬಂತು.

ಮತ್ತೆ ದೆಹಲಿಗೆ 2,850. ಇದು ನನ್ನ ತಪ್ಪಿಗೆ ಕಟ್ಟಿದ ದಂಡ. ಕತ್ತರಿಸುವಾಗ ಅಲ್ಲೇ ನಿಂತು ನೋಡುತ್ತಿದ್ದೆನಲ್ಲ.

ಎರಡನೇ ಸಲ ಹೋಗಿದ್ದು ತುಮಕೂರಿನ ಶಿರಾ ಗೇಟ್ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ಬೋರ್ಡೂ ಸರಿಯಾಗಿಲ್ಲ, ಹೊರಗೆ ಎರಡು ಹಳೇ ಬ್ಯಾಟರಿ, ಒಳಗೆ ಒಂದು ಸ್ಟೂಲು. ಅಣ್ಣ ಪಟ್ಟಿ ನೋಡಲಿಲ್ಲ, ಪ್ಲೇಟೂ ನೋಡಲಿಲ್ಲ. ಡಿಕ್ಕಿ ಎತ್ತಿ ಮುಚ್ಚಳದ ಒಳಗಿನ ಲೈನಿಂಗ್ ಬಿಚ್ಚಿದರು. "ನೋಡಿ ಅಕ್ಕ, ನಟ್ಟೆಲ್ಲ ಇಲ್ಲಿವೆ. ಪ್ಲೇಟಿಗೂ ಇದಕ್ಕೂ ಸಂಬಂಧವೇ ಇಲ್ಲ." ನಿಜ, ಹಳೇ ಬೋಲ್ಟಿನ ಮೋಟು ತುಂಡು ನಟ್ಟಿನ ಜೊತೆ ಅಲ್ಲೇ ತುಕ್ಕು ಹಿಡಿದು ಕೂತಿತ್ತು.

ಅಂಟಿದ್ದನ್ನು ಬಿಡಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಚಾಕು ಮುಟ್ಟಲಿಲ್ಲ. ಮೀನು ಹಿಡಿಯುವ ನೈಲಾನ್ ದಾರ ತಂದು, ಎರಡು ತುದಿಯನ್ನೂ ಬೆರಳಿಗೆ ಸುತ್ತಿಕೊಂಡು, ಪಟ್ಟಿ ಮತ್ತು ಬಾಡಿಯ ನಡುವೆ ಗರಗಸದ ಹಾಗೆ ಆಚೆ ಈಚೆ ಎಳೆದರು. ಟೇಪು ಕೊಯ್ದು ಬಂತು, ಪೇಂಟಿಗೆ ಒಂದು ಗೀರೂ ಇಲ್ಲ. ಉಳಿದ ಸಿಲಿಕಾನನ್ನು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆದರು. ಅದಕ್ಕೇ ಮುಕ್ಕಾಲು ಗಂಟೆ. ತೂತಿನ ಸುತ್ತ ತುಕ್ಕು ಇತ್ತು. ಎಮರಿ ಹಾಕಿ ಉಜ್ಜಿ, ಪ್ರೈಮರ್ ಬಳಿದು, ಊಟಕ್ಕೆ ಹೋದರು.

ಊಟ ಮುಗಿಸಿ ಬರಲು ಎರಡು ಗಂಟೆ. ಇದನ್ನೂ ಬರೆಯಬೇಕಲ್ವಾ!

ಹೊಸ ಪಟ್ಟಿಯ ಒಂದು ಬೋಲ್ಟು ತೂತಿಗೆ ಎರಡು ಮಿಲಿಮೀಟರ್ ಆಚೆ ಬರುತ್ತಿತ್ತು. ತೂತು ಸ್ವಲ್ಪ ದೊಡ್ಡದು ಮಾಡಿ ಅಂದೆ. "ಬಾಡಿ ಕೊರೆದರೆ ಅಲ್ಲಿಂದಲೇ ತುಕ್ಕು ಶುರು ಅಕ್ಕ. ಪ್ಲಾಸ್ಟಿಕ್ ತಿದ್ದೋಣ" ಅಂತ ಪಟ್ಟಿಯ ಹಿಂಬದಿಯನ್ನೇ ಅರದಿಂದ ಉಜ್ಜಿ ಕೂರಿಸಿದರು. ತೆಳು ರಬ್ಬರ್ ಹಾಳೆ ಕತ್ತರಿಸಿ ಪ್ರತಿ ಬೋಲ್ಟಿಗೂ ವಾಷರ್ ಮಾಡಿದರು. ಅದಿಲ್ಲದಿದ್ದರೆ ಮಳೆ ನೀರು ಡಿಕ್ಕಿಗೆ ಇಳಿದು ಸ್ಟೆಪ್ನಿ ಕೆಳಗೆ ನಿಲ್ಲುತ್ತದಂತೆ. ನಟ್ಟುಗಳನ್ನು ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ತಿರುಗಿಸಿ, ಕೊನೆಗೆ ಒಂದೊಂದು ಸುತ್ತು ಮಾತ್ರ ಬಿಗಿ. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಒಳಗೆ ಬೋಲ್ಟೇ ತಿರುಗಿಬಿಡುತ್ತದೆ.

ಲೈಟಿನ ಕತೆ ಬೇರೆ. ಎರಡು ತುದಿಗೂ ಟೋಪಿ ಇರುವ 5 ವ್ಯಾಟಿನ ಉದ್ದನೆ ಬಲ್ಬು, ಹೊಸದು ಹಾಕಿದರೂ ಎಡಗಡೆಯದು ಹತ್ತಲಿಲ್ಲ. ಡಿಕ್ಕಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಹಿಂಜ್ ಹತ್ತಿರ ವೈರು ಒಳಗೊಳಗೇ ಮುರಿದಿತ್ತು, ಮೇಲಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿತ್ತು. ಒಂದು ಗೇಣು ಹೊಸ ವೈರು ಬೆಸುಗೆ ಹಾಕಿ, ಮಡಚುವ ಜಾಗದಲ್ಲಿ ಸ್ವಲ್ಪ ಸಡಿಲ ಬಿಟ್ಟರು.

ಎಲ್ಲಾ ಸೇರಿ 900 ರೂಪಾಯಿ. ಬಿಲ್ ಕೊಡುವುದಿಲ್ಲ. ಎರಡು ಗಂಟೆಯ ಕೆಲಸ ಅಂದಿದ್ದು ಸಂಜೆ ಏಳಕ್ಕೆ ಮುಗಿಯಿತು. ಬಲತುದಿಯಲ್ಲಿ ರೂಪಾಯಿ ನಾಣ್ಯದ ದಪ್ಪದಷ್ಟು ಸಂದು ಉಳಿದಿದೆ. ಅದು ಪಟ್ಟಿಯ ದೋಷ, ಅವರದಲ್ಲ. ಆಮೇಲೆ ಎರಡು ಜೋರು ಮಳೆ ಆಯಿತು, ಡಿಕ್ಕಿ ಒಣಗಿದೆ.

ಮನೆಗೆ ಬಂದು ಗೇಟಿನ ಮುಂದೆ ಕಾರು ನಿಲ್ಲಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಕೆಎ 06ರಿಂದ ಕೊನೆಯ ಅಂಕಿವರೆಗೂ ಓದಲು ಬಂತು. ಅಪ್ಪ ಹೊರಗೆ ಬಂದು ಪಟ್ಟಿಯ ಮೇಲೆ ಕೈಯಾಡಿಸಿ, "ಹೊಳಪು ಜಾಸ್ತಿ ಆಯ್ತಲ್ಲಮ್ಮ" ಅಂದರು. ಅವರು ಹೇಳುವುದೂ ಸರಿಯೇ. ಪಟ್ಟಿಗೆ ಐದಕ್ಕೆ ಮೂರು ಕೊಡುತ್ತೇನೆ, ಶಿರಾ ಗೇಟ್ ಅಣ್ಣನಿಗೆ ನಾಲ್ಕೂವರೆ. ಅರ್ಧ ಕಳೆದಿದ್ದು ಆ ಊಟಕ್ಕೆ. ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ.