ಬೀಡಿನ ಪಾತ್ರೆ, ಮುಚ್ಚಳದ ಮೇಲೆ ಕೆಂಡ

ಹೋದ ವರ್ಷ ಮಗನ ಮನೆಗೆಂದು ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಿದ್ದೆ. ಕಾಸರಗೋಡಿನ ಮುಳ್ಳೇರಿಯಕ್ಕೆ ಮರಳುವಾಗ ನನಗೆಂದು ತಂದದ್ದು ಇದೊಂದೇ. ಬೀಡಿನ, ಅಂದರೆ ಎರಕದ ಕಬ್ಬಿಣದ ಪಾತ್ರೆ. ಮೂರು ಗಿಡ್ಡ ಕಾಲು, ದಪ್ಪ ತಂತಿಯ ಹಿಡಿ, ಚಪ್ಪಟೆ ಮುಚ್ಚಳ, ಮುಚ್ಚಳದ ಸುತ್ತ ಬೆರಳಿನಷ್ಟು ಎತ್ತರದ ಅಂಚು. ಅಲ್ಲಿ ಇದಕ್ಕೆ ಡಚ್ ಓವನ್ ಎಂದು ಹೆಸರು. ಎಂಬತ್ತು ಡಾಲರ್ ಚಿಲ್ಲರೆ ಕೊಟ್ಟೆ. ಮನೆಗೆ ಬಂದ ಮೇಲೆ ಅಡಕೆ ತೂಗುವ ತ್ರಾಸಿಗೆ ಹಾಕಿ ನೋಡಿದೆವು: ಮುಚ್ಚಳ ಸೇರಿ 8 ಕಿಲೊ 900 ಗ್ರಾಂ. ಹತ್ತು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಇದನ್ನು ಕೊಳ್ಳುವ ಮರುಳು ಹತ್ತಿದ್ದು ಒರೆಗಾನ್ ಸಿಟಿಯ ಪ್ರದರ್ಶನಾಲಯದಲ್ಲಿ. 1840ರ ದಶಕದಿಂದ ನೆಲ ಹುಡುಕಿ ಪಶ್ಚಿಮಕ್ಕೆ ಹೋದ ವಲಸಿಗರ ಬಂಡಿದಾರಿ, ಮಿಸ್ಸೂರಿಯ ಇಂಡಿಪೆಂಡೆನ್ಸ್ ಊರಿನ ಕಡೆಯಿಂದ ಹೊರಟು, ಸುಮಾರು 3,200 ಕಿಲೋಮೀಟರು ನಡೆದು ಮುಗಿಯುವ ಜಾಗ ಅದು. ಕಟ್ಟಡವನ್ನೇ ದೊಡ್ಡ ಬಂಡಿಯ ಹಾಗೆ ಕಟ್ಟಿದ್ದಾರೆ. ಇಪ್ಪತ್ತೆಂಟು ವರ್ಷ ಸಮಾಜ ಪಾಠ ಮಾಡಿದವಳು ನಾನು, ಆದರೆ ಆ ಬಂಡಿಯ ಅಳತೆ ನನಗೆ ಗೊತ್ತೇ ಇರಲಿಲ್ಲ. ಹೆಚ್ಚು ಕಮ್ಮಿ ಹತ್ತಡಿ ಉದ್ದ, ನಾಲ್ಕಡಿ ಅಗಲ. ನಮ್ಮ ಅಡಿಗೆಮನೆಯ ಜಗಲಿ ಇದಕ್ಕಿಂತ ದೊಡ್ಡದು. ಒಂದು ಟನ್ನಿನ ಆಸುಪಾಸು ಹೇರಬಹುದು, ಅದಕ್ಕಿಂತ ಹೆಚ್ಚಾದರೆ ಎತ್ತುಗಳು ಸೋಲುತ್ತವೆ. ಆಗಿನ ಒಂದು ಕೈಪಿಡಿಯ ಲೆಕ್ಕದಲ್ಲಿ ಒಬ್ಬ ದೊಡ್ಡವನಿಗೆ 90 ಕಿಲೊ ಹಿಟ್ಟು, 68 ಕಿಲೊ ಒಣ ಹಂದಿಮಾಂಸ, 9 ಕಿಲೊ ಸಕ್ಕರೆ, ನಾಲ್ಕೂವರೆ ಕಿಲೊ ಕಾಫಿ. ನಾಲ್ಕು ಜನ ದೊಡ್ಡವರಿದ್ದರೆ ಹಿಟ್ಟೇ 360 ಕಿಲೊ ಆಯಿತಲ್ಲ! ಮತ್ತೆ ಮನುಷ್ಯರು ಕೂರುವುದೆಲ್ಲಿ? ಕೂರುವುದಿಲ್ಲ. ಬಂಡಿಗೆ ಸ್ಪ್ರಿಂಗೂ ಇಲ್ಲ. ಹೆಚ್ಚಿನವರು ನಾಲ್ಕೈದು ತಿಂಗಳು ಪಕ್ಕದಲ್ಲಿ ನಡೆದೇ ಹೋದವರು.

ವಿಮಾನದವರು ನನಗೆ ಕೊಟ್ಟದ್ದು 23 ಕಿಲೊದ ಎರಡು ಪೆಟ್ಟಿಗೆ. ಮಗ ಬಾತ್‌ರೂಮಿನ ತೂಕದ ಯಂತ್ರ ತಂದಿಟ್ಟು, "ಅಮ್ಮ, ನಿಂಗೆ ಮರುಳಾ? ಈ ಕಬ್ಬಿಣಕ್ಕೆ ಏನು ತೆಗೀತಿ ಹೇಳು" ಅಂದ. ಬಾದಾಮಿ ತೆಗೆದೆ, ಮೊಮ್ಮಗನ ಹಳೆ ಕೋಟು ತೆಗೆದೆ, ಸೊಸೆ ಪ್ರೀತಿಯಿಂದ ಕೊಟ್ಟ ಎರಡು ಬಾಟಲಿ ಶಾಂಪೂವನ್ನೂ ತೆಗೆದೆ. ಅವಳು ಏನೂ ಹೇಳಲಿಲ್ಲ, ಮುಖ ಮಾತ್ರ ಸ್ವಲ್ಪ ಸಣ್ಣದಾಯಿತು. ಆ ಬಂಡಿಯವರೂ ಹೀಗೇ ತೆಗೆದಿದ್ದಾರೆ, ಆದರೆ ದಾರಿಯ ಮಧ್ಯದಲ್ಲಿ. 1849ರಲ್ಲಿ ಲಾರಮಿ ಕೋಟೆಯ ಸುತ್ತ ಒಲೆ, ಪೆಟ್ಟಿಗೆ, ರಾಶಿ ರಾಶಿ ಮಾಂಸ ಬಿಸಾಡಿ ಮುಂದೆ ಹೋದರು. ದೊಡ್ಡ ಕಬ್ಬಿಣದ ಒಲೆ ಅಲ್ಲಿಗೇ ಮುಗಿಯಿತು. ಈ ಪಾತ್ರೆ ಮಾತ್ರ ಉಳಿಯಿತು, ಯಾಕೆಂದರೆ ಒಲೆಯೂ ಇದೇ, ಪಾತ್ರೆಯೂ ಇದೇ.

ಆ ಮಾತು ನಿಜವೇ ಎಂದು ನಮ್ಮ ಅಂಗಳದಲ್ಲಿ ನೋಡಿದೆ. ತೆಂಗಿನ ಗೆರಟೆ ಸುಟ್ಟು ಕೆಂಡ ಮಾಡಿಕೊಂಡೆ. ಹಲಸಿನ ಹಣ್ಣು ರುಬ್ಬಿ, ಅಕ್ಕಿ ತರಿ, ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ ಮಂದ ಹಿಟ್ಟು. ಪಾತ್ರೆಯೊಳಗೆ ಬಾಡಿಸಿದ ಬಾಳೆಲೆ. ಕೆಳಗೆ ಕೆಂಡ ಕಡಿಮೆ, ಮುಚ್ಚಳದ ಮೇಲೆ ಅದರ ಎರಡರಷ್ಟು. ಮೊದಲ ಸಲ ಇದು ಗೊತ್ತಿಲ್ಲದೆ ಎರಡೂ ಕಡೆ ಸಮ ಹಾಕಿ, ತಳ ಕರಟಿ, ಮೇಲೆ ಹಸಿ ಉಳಿಯಿತು. ಎರಡನೇ ಸಲ ಮುಕ್ಕಾಲು ಗಂಟೆಗೆ ಕೊಕ್ಕೆ ಹಾಕಿ ಮುಚ್ಚಳ ಎತ್ತಿದೆ. ಮೇಲ್ಮೈ ಗೇರುಹಣ್ಣಿನ ಬಣ್ಣ, ಬಾಳೆಲೆಯ ಅಂಚು ಸುಟ್ಟು ಕಪ್ಪು, ಬೆಲ್ಲ ಕುದಿದು ಪಕ್ಕದಲ್ಲಿ ಗಾಜಿನ ಹಾಗೆ ಕಟ್ಟಿತ್ತು. ಇವರು ಅಡಕೆ ಸುಲಿಯುವುದು ಬಿಟ್ಟು ಎದ್ದು ಬಂದರು. ಮೇಲೂ ಕೆಳಗೂ ಕೆಂಡ ನಮಗೆ ಹೊಸತಲ್ಲ. ಕಾಸರಗೋಡಿನ ಬಿರಿಯಾಣಿಯ ಚೆಂಬಿಗೆ ಮುಚ್ಚಳದ ಮೇಲೆ ಕೆಂಡ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಅಲ್ಲಿ ಬೂದಿ ಜಾರುತ್ತದೆ. ಇಲ್ಲಿ ಆ ಬೆರಳೆತ್ತರದ ಅಂಚು ಒಂದು ಚಿಟಿಕೆಯನ್ನೂ ಜಾರಲು ಬಿಡುವುದಿಲ್ಲ. ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಅಂಚಿಗೇ ಕೊಡಬಹುದು.

ಆ ಬಂಡಿಯವರಿಗೆ ಗೆರಟೆ ಎಲ್ಲಿಂದ? ದಾರಿಯ ಪ್ಲಾಟ್ ನದಿಯ ಬಯಲಿನಲ್ಲಿ ಆಗ ಮರ ಇರಲೇ ಇಲ್ಲ ಅನ್ನಬೇಕು. ಕಾಡೆಮ್ಮೆಯ ಒಣ ಸಗಣಿ ಆರಿಸಿ ಉರಿಸುತ್ತಿದ್ದರು. ಹೆಂಗಸರು ಮಕ್ಕಳು ಮಡಿಲು ತುಂಬ ತರುವುದು. ರೊಟ್ಟಿ ಉಬ್ಬಲು ಬೇಕಾದ ಸೋಡಾವನ್ನು ದಾರಿಯಲ್ಲಿ ಸಿಗುವ ಇಂಡಿಪೆಂಡೆನ್ಸ್ ರಾಕ್ ಎಂಬ ದೊಡ್ಡ ಬಂಡೆಯ ಹತ್ತಿರದ ಕೆರೆಯಂಚಿನಲ್ಲಿ ಬೆಳ್ಳಗೆ ಒಣಗಿದ್ದನ್ನೇ ಕೆರೆದುಕೊಂಡರಂತೆ. ಬೆಳಗ್ಗೆ ಹಾಲು ತುಂಬಿ ಬಂಡಿಗೆ ಕಟ್ಟಿದ ಪೀಪಾಯಿಯಲ್ಲಿ ಸಂಜೆಗೆ ಬೆಣ್ಣೆ ತೇಲುತ್ತಿತ್ತು, ಕಡೆಯುವ ಕೆಲಸ ರಸ್ತೆಯೇ ಮಾಡುತ್ತಿತ್ತು. ನಮ್ಮ ಬಂದಡ್ಕ ಬಸ್ಸಿಗೂ ಒಂದು ಪೀಪಾಯಿ ಕಟ್ಟಿ ನೋಡಬೇಕು.

ಕೆಂಡದ ಮುಂದೆ ಕೂತಾಗೆಲ್ಲ ನೆನಪಾಗುವುದು ಸೇಗರ್ ಕುಟುಂಬ. 1844ರಲ್ಲಿ ಹೆನ್ರಿ ಮತ್ತು ನವೋಮಿ ಆರು ಮಕ್ಕಳನ್ನು ಕಟ್ಟಿಕೊಂಡು ಮಿಸ್ಸೂರಿಯಿಂದ ಹೊರಟರು, ಏಳನೆಯದು ದಾರಿಯಲ್ಲೇ ಹುಟ್ಟಿತು. ಒಂಬತ್ತು ವರ್ಷದ ಕ್ಯಾಥರೀನ್ ನಡೆಯುವ ಬಂಡಿಯಿಂದ ಹಾರುವಾಗ ಲಂಗ ಕೊಡಲಿಯ ಹಿಡಿಗೆ ಸಿಕ್ಕಿ, ಕಾಲ ಮೇಲೆ ಚಕ್ರ ಹೋಯಿತು. ಗ್ರೀನ್ ನದಿಯ ಹತ್ತಿರ ಅಪ್ಪ ಜ್ವರದಲ್ಲಿ ಹೋದ. ಒಂದು ತಿಂಗಳು ತುಂಬುವ ಮೊದಲೇ ಅಮ್ಮನೂ. ಜೊತೆಯ ಬಂಡಿಯವರು ಏಳು ಮಕ್ಕಳನ್ನೂ ಸಾಕಿ, ವಾಲಾವಾಲಾ ಕಡೆಯ ವಿಟ್ಮನ್ ದಂಪತಿಯ ಮಿಷನ್ನಿಗೆ ಮುಟ್ಟಿಸಿದರು. ಮೂರು ವರ್ಷಕ್ಕೆ ಅಲ್ಲಿ ದಡಾರ ಬಂತು. ಬಿಳಿಯರ ಮಕ್ಕಳಲ್ಲಿ ಹೆಚ್ಚಿನವರು ಗುಣವಾದರೆ ಆ ನೆಲದ ಕಯೂಸ್ ಜನರ ಮಕ್ಕಳು ಸಾಲಾಗಿ ಸತ್ತರು. ವೈದ್ಯ ವಿಟ್ಮನ್ನನೇ ವಿಷ ಹಾಕಿದನೆಂದು ಅವರಿಗೆ ಅನಿಸಿತು. 1847ರ ನವೆಂಬರ್ 29ರಂದು ನಡೆದ ಕೊಲೆಗಳಲ್ಲಿ ಸೇಗರ್ ಹುಡುಗರಿಬ್ಬರೂ ಹೋದರು. ಕ್ಯಾಥರೀನ್ ಬದುಕಿ, ದೊಡ್ಡವಳಾಗಿ ಇದನ್ನೆಲ್ಲ ಬರೆದಿಟ್ಟಳು. ಒರೆಗಾನಿನ ಜಮೀನು ಹಂಚಲು ಬಂದ 1850ರ ಕಾಯಿದೆಯಲ್ಲಿ ಮೊದಲೇ ಬಂದ ಗಂಡ ಹೆಂಡತಿಗೆ 640 ಎಕರೆ ಸಿಕ್ಕಿತು, ಅರ್ಧ ಹೆಂಡತಿಯ ಹೆಸರಿಗೆ. ಕೇಳಲು ಚಂದ. ಆದರೆ ಜಾಗದ ಹಳೆ ವಾರಸುದಾರರೊಂದಿಗೆ ಒಪ್ಪಂದವೇ ಮುಗಿದಿರಲಿಲ್ಲ. ಮೂರು ಎಕರೆ ತೋಟದ ಗಡಿಕಲ್ಲಿಗೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದ ಮನೆಯವರು ನಾವು, ನಮಗೆ ಇದು ಬೇಗ ಅರ್ಥವಾಗುತ್ತದೆ.

ಪಾತ್ರೆಯ ದೋಷಗಳಿಗೆ ಬರುತ್ತೇನೆ. ಮೂರು ಕಾಲಿನಿಂದಾಗಿ ಗ್ಯಾಸಿನ ಮೇಲೆ ಕೂರುವುದಿಲ್ಲ, ಫ್ಲ್ಯಾಟಿನಲ್ಲಿ ಇರುವವರು ಕೊಳ್ಳಲೇಬೇಡಿ. ಹುಳಿ ಹಾಕಿದ ಯಾವುದೂ ಆಗದು. ಕೆಸುವಿನ ದಂಟಿನ ಹುಳಿ ಮಾಡಿ, ಕಪ್ಪು ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದ್ದೇನೆ. ಆಷಾಢದ ಮಳೆಗೆ ಎರಡೇ ದಿನದಲ್ಲಿ ಕೆಂಪು ತುಕ್ಕು. ತೆಂಗಿನೆಣ್ಣೆ ಸವರಿಟ್ಟರೆ ಕನರು ವಾಸನೆ, ಎಳ್ಳೆಣ್ಣೆ ತೆಳ್ಳಗೆ ಸವರಿ ಕೆಂಡದ ಮೇಲೆ ಒಮ್ಮೆ ಕಾಯಿಸಿಟ್ಟರೆ ನಿಲ್ಲುತ್ತದೆ. ಸಾಬೂನು ಬೇಡ, ಬೂದಿ ಮತ್ತು ತೆಂಗಿನ ನಾರು ಸಾಕು. ಸೊಂಟ ನೋವಿದ್ದವರು ತುಂಬಿದ ಪಾತ್ರೆಯನ್ನು ಒಬ್ಬರೇ ಎತ್ತಬೇಡಿ. ಹೇಳುವುದು ಯಾಕೆಂದರೆ ನಾನು ಎತ್ತಿದ್ದೇನೆ.

ಡಿಸೆಂಬರಿನಲ್ಲಿ ಗುಡ್ಡದ ಆಚೆಯ ಮನೆಯ ಚೇಡತ್ತಿ (ಮಲಯಾಳಿ ಕ್ರೈಸ್ತರಲ್ಲಿ ಹಿರಿಯ ಹೆಂಗಸನ್ನು ಹೀಗೆ ಕರೆಯುವುದು) ಬಂದಿದ್ದರು. ಅವರ ಅಪ್ಪ ತಿರುವಾಂಕೂರು ಕಡೆಯಿಂದ ಮರಗೆಣಸಿನ ಕೋಲಿನ ಕಟ್ಟು ಹೊತ್ತು ಕಾಞಂಗಾಡಿನಲ್ಲಿ ರೈಲಿಳಿದು ಕಾಡಿಗೆ ನಡೆದು ಬಂದವರು, ಅಮ್ಮನ ತಲೆಯ ಮೇಲೆ ಒಂದು ಉರುಳಿ. ಚೇಡತ್ತಿ ಪಾತ್ರೆಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ, "ನಲ್ಲ ಭಾರಮುಂಡಲ್ಲೋ" (ಒಳ್ಳೆ ಭಾರ ಇದೆಯಲ್ಲ) ಎಂದರು. ಆಮೇಲೆ ಸೆರಗಿನ ತುದಿಯಿಂದ ಅಂಚಿನ ಬೂದಿ ಒರಸಿ, ಕ್ರಿಸ್ಮಸ್ಸಿಗೆ ಎರಡು ದಿನಕ್ಕೆ ಕೊಡುವಿರಾ ಎಂದು ಕೇಳಿದರು. ಕೊಟ್ಟೆ. ಮೂರು ವಾರವಾಯಿತು. ಭಾನುವಾರ ಅವರ ಅಂಗಳದಿಂದ ಹೊಗೆ ಏಳುವುದು ಇಲ್ಲಿಗೆ ಕಾಣುತ್ತದೆ. ಕೇಳಲು ಇನ್ನೂ ಹೋಗಿಲ್ಲ.