‘ತೂಕ ಹೆಚ್ಚಿಸುವ’ ರಾಗಿ ಸರಿ ಪುಡಿ: ಸರಿ ಚೆನ್ನಾಗಿದೆ, ಲೇಬಲ್ಲೇ ಸರಿಯಿಲ್ಲ

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪುಡಿ ತುಂಬಾ ನುಣ್ಣಗಿದೆ. ಗಂಟು ಕಟ್ಟುವುದಿಲ್ಲ. ರಾಗಿಯನ್ನು ಮೊಳಕೆ ಬರಿಸಿ ಹದವಾಗಿ ಹುರಿದಿದ್ದಾರೆ ಅನ್ನುವುದು ಪ್ಯಾಕೆಟ್ ಬಿಚ್ಚಿದ ಕೂಡಲೇ ಮೂಗಿಗೆ ಗೊತ್ತಾಗುತ್ತದೆ. ನಮ್ಮ ಎಂಟು ತಿಂಗಳ ಮಗಳು ಬಟ್ಟಲು ಖಾಲಿ ಮಾಡುತ್ತಾಳೆ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸುವಷ್ಟು ಪುರುಸೊತ್ತು ಈಗ ಯಾರಿಗಿದೆ ಹೇಳಿ? ಅಂಥವರಿಗೆ ಇದು ಅನುಕೂಲ. ಕಂಪನಿ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಇನ್‌ಸ್ಟಾಗ್ರಾಂನಲ್ಲಿ ಇಂಥ ಪುಡಿಗಳು ಬೇಕಾದಷ್ಟಿವೆ, ಎಲ್ಲದರ ಕಥೆಯೂ ಹೆಚ್ಚುಕಮ್ಮಿ ಇದೇ.

ನನ್ನ ತಕರಾರು ಪ್ಯಾಕೆಟ್ಟಿನ ಮೇಲಿರುವುದರ ಬಗ್ಗೆ. ಕೆನ್ನೆ ಉಬ್ಬಿದ ಮಗುವಿನ ಫೋಟೊ, ಅದರ ಕೆಳಗೆ ‘ಒಂದೇ ತಿಂಗಳಲ್ಲಿ ತೂಕ ಗ್ಯಾರಂಟಿ’. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಲೇಬಲ್ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ ಅಂತ 1992ರಿಂದ ಕಾನೂನಿದೆ. 2003ರ ತಿದ್ದುಪಡಿ ಆದ ಮೇಲೆ ಜಾಹೀರಾತು ಕೊಡುವ ಹಾಗೂ ಇಲ್ಲ. ದೊಡ್ಡ ಕಂಪನಿಗಳಿಗೆ ಇದು ಗೊತ್ತು. ಮನೆಯಲ್ಲೇ ಪುಡಿ ಮಾಡಿ ಮಾರುವವರಿಗೆ ಯಾರೂ ಹೇಳಿದ ಹಾಗಿಲ್ಲ.

ಇನ್ನು ಹಿಂಬದಿಯ ಸಣ್ಣ ಅಕ್ಷರ ಓದಿ. ರಾಗಿ ಆದಮೇಲೆ ಎರಡನೇ ಹೆಸರೇ ಬೆಲ್ಲ. ಆಮೇಲೆ ಹಾಲಿನ ಪುಡಿ, ಖರ್ಜೂರದ ಪುಡಿ, ಗೋಡಂಬಿ, ಬಾದಾಮಿ. ಹೆಚ್ಚು ಇರುವುದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ, ಹಾಗಾಗಿ ಬೆಲ್ಲ ಎಷ್ಟಿರಬಹುದು ಅಂತ ನೀವೇ ಊಹಿಸಿ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅಂತ ನಮ್ಮತ್ತೆಯೂ ಹೇಳುತ್ತಾರೆ, ಆದರೆ ಎಂಟು ತಿಂಗಳ ಮಗುವಿನ ಲೆಕ್ಕದಲ್ಲಿ ಅದೂ ಸಕ್ಕರೆಯೇ. ಈಗಲೇ ಸಿಹಿ ರೂಢಿಯಾದರೆ ನಾಳೆ ಸಪ್ಪೆ ಸರಿ, ಬೇಳೆಕಟ್ಟು ಬಾಯಿಗಿಟ್ಟರೆ ಉಗಿಯುತ್ತವೆ.

ಅಸಲಿ ವಿಷಯ ತೂಕದ್ದು. ಜನ ಈ ಪುಡಿ ಕೊಳ್ಳುವುದು ‘ಮಗು ಸೊರಗಿದೆ, ಎದೆಹಾಲು ಸಾಲ್ತಿಲ್ಲ’ ಅಂತ ಯಾರೋ ಅಂದಿದ್ದಕ್ಕೆ. ಬರೀ ಎದೆಹಾಲು ಕುಡಿಯುವ ಮಕ್ಕಳು ಮೂರ್ನಾಲ್ಕು ತಿಂಗಳಾದ ಮೇಲೆ ಡಬ್ಬಿ ಹಾಲಿನ ಮಕ್ಕಳಿಗಿಂತ ನಿಧಾನವಾಗಿ ತೂಕ ಏರುತ್ತಾರೆ. ಅದು ಸಹಜ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊಸ ಬೆಳವಣಿಗೆ ಚಾರ್ಟ್ ತಂದಾಗ ಎದೆಹಾಲು ಕುಡಿದ ಮಕ್ಕಳನ್ನೇ ಅಳತೆಗೆ ಇಟ್ಟುಕೊಂಡಿತು, ಆ ಮಕ್ಕಳನ್ನು ಅಳೆದ ಆರು ದೇಶಗಳಲ್ಲಿ ನಮ್ಮದೂ ಒಂದು, ದೆಹಲಿಯ ಮಕ್ಕಳು. ಹಾಗಾಗಿ ಪಕ್ಕದ ಮನೆ ಮಗುವನ್ನು ನೋಡಿ ಹೋಲಿಸುವ ಬದಲು ಅಂಗನವಾಡಿಗೆ ಹೋಗಿ ತೂಕ ಹಾಕಿಸಿ, ತಾಯಿ ಕಾರ್ಡಿನ ಗೆರೆ ನೋಡಿ. ಗೆರೆ ತನ್ನ ಪಾಡಿಗೆ ಮೇಲೆ ಹೋಗುತ್ತಿದ್ದರೆ ಈ ಪುಡಿಯ ಗ್ಯಾರಂಟಿ ನಿಮಗೆ ಬೇಡ. ಕೆಳಗೆ ಬಗ್ಗಿದ್ದರೆ ಡಾಕ್ಟರ್ ಬೇಕು. ನಿಜವಾಗಿ ಸೊರಗಿದ ಮಗುವಿನ ವಿಷಯವೇ ಬೇರೆ, ಅದನ್ನು ಬೆಲ್ಲದ ಪುಡಿಯ ಭರವಸೆಯಲ್ಲಿ ಬಿಡಬೇಡಿ.

ಮೊದಲ ವರ್ಷ ಸುಮ್ನೆ ಬೇಗ ಬೇಗ ಉಬ್ಬಿದ ಮಕ್ಕಳು ಮುಂದೆ ದಪ್ಪಗಾಗುವ ಸಾಧ್ಯತೆ ಜಾಸ್ತಿ. ಇದು ಎಷ್ಟೋ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಯುರೋಪಿನ ಐದು ದೇಶಗಳಲ್ಲಿ ಕೆಲವು ಮಕ್ಕಳಿಗೆ ಪ್ರೋಟೀನ್ ಜಾಸ್ತಿ ಇರುವ ಡಬ್ಬಿ ಹಾಲು, ಕೆಲವರಿಗೆ ಕಡಿಮೆ ಇರುವುದು ಕೊಟ್ಟು ನೋಡಿದರು. ಆರು ವರ್ಷವಾದಾಗ ಜಾಸ್ತಿ ಪ್ರೋಟೀನ್ ಕುಡಿದವರಲ್ಲಿ ಬೊಜ್ಜಿನ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. 100 ಮಿಲಿ ಎದೆಹಾಲಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ, ಹಸುವಿನ ಹಾಲಿನಲ್ಲಿ 3 ಗ್ರಾಂಗಿಂತ ಮೇಲೆ. ಈ ಪ್ಯಾಕೆಟ್ಟಿನಲ್ಲಿ ಹಾಲಿನ ಪುಡಿ ಇದ್ದೂ ‘ಗಟ್ಟಿ ಹಾಲಿನಲ್ಲೇ ಕಾಯಿಸಿ, ದಿನಕ್ಕೆ ಮೂರು ಬಾರಿ’ ಅಂತ ಬೇರೆ ಬರೆದಿದ್ದಾರೆ! ನಾನು ನೀರಿನಲ್ಲೇ ಕಾಯಿಸುತ್ತೇನೆ.

ಹಾಗಂತ ಎದೆಹಾಲು ಕುಡಿಸಿದರೆ ಮಗು ಮುಂದೆ ದಪ್ಪಗಾಗುವುದೇ ಇಲ್ಲ ಅಂತ ಗ್ರೂಪುಗಳಲ್ಲಿ ಬರೆಯುವವರ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ಬೆಲಾರಸ್ ದೇಶದಲ್ಲಿ 17,000ಕ್ಕೂ ಹೆಚ್ಚು ತಾಯಿ-ಮಕ್ಕಳ ಮೇಲೆ ದೊಡ್ಡ ಪ್ರಯೋಗ ಆಯಿತು. ಕೆಲವು ಆಸ್ಪತ್ರೆಗಳಲ್ಲಿ ತಾಯಂದಿರಿಗೆ ವಿಶೇಷ ಬೆಂಬಲ ಕೊಟ್ಟು ಹೆಚ್ಚು ಕಾಲ ಎದೆಹಾಲು ಕುಡಿಸುವ ಹಾಗೆ ಮಾಡಿದರು. ಹನ್ನೊಂದೂವರೆ ವರ್ಷಕ್ಕೆ ಅಳೆದರೆ ಆ ಮಕ್ಕಳಲ್ಲಿ ಬೊಜ್ಜೇನೂ ಕಡಿಮೆಯಾಗಿರಲಿಲ್ಲ. ಎದೆಹಾಲಿನಿಂದ ಭೇದಿ, ಸೋಂಕು ಕಡಿಮೆಯಾಗುತ್ತವೆ, ಅದಕ್ಕಾಗಿಯೇ ಕುಡಿಸಬೇಕು. ಡಬ್ಬಿ ಹಾಲು ಕೊಡಬೇಕಾಗಿ ಬಂದ ತಾಯಂದಿರನ್ನು ಮಾತ್ರ ದಯವಿಟ್ಟು ಹೆದರಿಸಬೇಡಿ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ತಿನ್ನಿಸುವ ರೀತಿ. ಮಗು ಮುಖ ತಿರುಗಿಸಿದರೆ ಸಾಕು ಅಂತ ಅರ್ಥ, ಅಲ್ವಾ? ಆದರೆ ಪ್ಯಾಕೆಟ್ ಜೊತೆ ಬಂದ ಚೀಟಿಯಲ್ಲಿ ‘ಪೂರ್ತಿ ಬಟ್ಟಲು ಮುಗಿಸಿ’ ಅಂತಿದೆ. ಮೊಬೈಲ್ ತೋರಿಸಿ, ಕಾಲ ಮೇಲೆ ಮಲಗಿಸಿಕೊಂಡು, ಒಳ್ಳೆ ಮೂಟೆ ತುಂಬಿದ ಹಾಗೆ ತುರುಕಿದರೆ ಹೊಟ್ಟೆ ತುಂಬಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ?

ಬೆಲೆ ಅರ್ಧ ಕಿಲೋಗೆ 420 ರೂಪಾಯಿ, ಕೊರಿಯರ್ ಬೇರೆ. ಜಾಸ್ತಿಯೇ ಆಯಿತು. ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ, ಎರಡೂ ರಾಗಿ ಹುರಿದವರಿಗೆ. ಬೆಲ್ಲ, ಹಾಲಿನ ಪುಡಿ ಇಲ್ಲದ ಬರೀ ಮೊಳಕೆ ರಾಗಿ ಕೊಡಿ ಅಂತ ಮೆಸೇಜ್ ಹಾಕಿದ್ದೇನೆ. ‘ಹಾಗಾದ್ರೆ ತೂಕ ಬರಲ್ಲ ಮೇಡಂ’ ಅಂತ ಉತ್ತರ ಬಂದಿದೆ.